ಕರಸ್ಥಲದ ಲಿಂಗ, ದೂರದರ್ಶಕದ ನಕ್ಷತ್ರ

ಖಗೋಳ ವೀಕ್ಷಣಾಲಯವೊಂದು ವಾರದ ಒಂದು ದಿನ ತನ್ನ ಬಾಗಿಲನ್ನು ಜನಸಾಮಾನ್ಯರಿಗೆ ತೆರೆದು, ಬಂದವರೆಲ್ಲರೂ ಸರದಿಯಲ್ಲಿ ನಿಂತು ದೂರದರ್ಶಕಕ್ಕೆ ಕಣ್ಣಿಡಲು ಅವಕಾಶ ಕೊಡುವುದು ಮೇಲುನೋಟಕ್ಕೆ ವಿಜ್ಞಾನ ಪ್ರಸಾರದ ಕಾರ್ಯಕ್ರಮವೆಂದು ತೋರಿದರೂ, ಭಾರತೀಯ ದಾರ್ಶನಿಕರು ಶತಮಾನಗಳ ಕಾಲ ಬಿಡದೆ ವಾದಿಸಿದ ಪ್ರಶ್ನೆಯೊಂದು ಅದರ ಒಡಲಲ್ಲಿದೆ. ಕಣ್ಣಾರೆ ಕಂಡದ್ದಕ್ಕೆ ಎಷ್ಟು ಬೆಲೆ, ತರ್ಕದಿಂದ ಊಹಿಸಿದ್ದಕ್ಕೆ ಎಷ್ಟು ಬೆಲೆ, ನಂಬಿಕೆಗೆ ಅರ್ಹರಾದವರು ಹೇಳಿದ ಮಾತಿಗೆ ಎಷ್ಟು ಬೆಲೆ ಎಂಬುದೇ ಆ ಪ್ರಶ್ನೆ. ಇದನ್ನು ತುಮಕೂರಿನ ಅಂಚಿನ ಕ್ಯಾತ್ಸಂದ್ರದಲ್ಲಿ ನಿಂತು ಕೇಳುವುದಕ್ಕೆ ವಿಶೇಷವಾದ ಔಚಿತ್ಯವಿದೆ. ಆ ಊರಿಗೆ ಹೊಂದಿಕೊಂಡಿರುವ ಸಿದ್ಧಗಂಗೆಯ ಬೆಟ್ಟ ಮತ್ತು ಮಠ, ದೈವವನ್ನು ಗುಡಿಯ ಕತ್ತಲೆಯಿಂದ ಹೊರತಂದು ಪ್ರತಿಯೊಬ್ಬರ ಅಂಗೈಗೆ ಕೊಟ್ಟ ಪರಂಪರೆಗೆ ಸೇರಿದವು. ದೃಷ್ಟಿಯನ್ನು ಒಂದೇ ಬಿಂದುವಿನಲ್ಲಿ ನಿಲ್ಲಿಸುವುದನ್ನು ಆ ಪರಂಪರೆ ಸಾಧನೆಯೆಂದೇ ಕರೆದಿದೆ.

ಕನ್ನಡ ನಾಡಿನ ಜನಕ್ಕೆ ಹತ್ತಿರವಾದ ದೊಡ್ಡ ವೀಕ್ಷಣಾಲಯವೆಂದರೆ ಕಾವಲೂರಿನದು. ಊರು ತಮಿಳುನಾಡಿನ ಜವ್ವಾದು ಬೆಟ್ಟಗಳಲ್ಲಿದ್ದರೂ ಅದನ್ನು ನಡೆಸುವುದು ಬೆಂಗಳೂರಿನ ಕೋರಮಂಗಲದಲ್ಲಿ ನೆಲೆಸಿರುವ ಭಾರತೀಯ ಖಭೌತ ಸಂಸ್ಥೆ. ಕೊಡೈಕೆನಾಲಿನ ಹಳೆಯ ವೀಕ್ಷಣಾಲಯ ಸೂರ್ಯನ ಅಧ್ಯಯನಕ್ಕೆ ಒಗ್ಗಿದ್ದರೂ ರಾತ್ರಿಯ ಕೆಲಸಕ್ಕೆ ಮೋಡದ ಕಾಟ ಹೆಚ್ಚೆಂದು ಕಂಡ ಖಗೋಳಶಾಸ್ತ್ರಜ್ಞ ಮನಾಲಿ ಕಲ್ಲಟ್ ವೈನು ಬಪ್ಪು ಅವರು ಬೇರೆ ಜಾಗಕ್ಕಾಗಿ ಹುಡುಕಿ ಕಾವಲೂರನ್ನು ಆರಿಸಿದರು. 1968ರಲ್ಲಿ ಅಲ್ಲಿ ಚಿಕ್ಕದೊಂದು ದೂರದರ್ಶಕದಿಂದ ಕೆಲಸ ಮೊದಲಾಯಿತು, 1972ರಲ್ಲಿ ಒಂದು ಮೀಟರ್ ವ್ಯಾಸದ ಕನ್ನಡಿಯ ದೂರದರ್ಶಕ ಬಂತು. ಬಪ್ಪು ಕನಸು ಕಂಡಿದ್ದ 2.34 ಮೀಟರ್ ವ್ಯಾಸದ, ದೇಶದಲ್ಲಿಯೇ ರೂಪಿಸಿದ ದೂರದರ್ಶಕ 1986ರ ಜನವರಿಯಲ್ಲಿ ಉದ್ಘಾಟನೆಗೊಳ್ಳುವ ಹೊತ್ತಿಗೆ ಅವರು ತೀರಿಕೊಂಡು ಮೂರು ವರ್ಷಗಳು ಕಳೆದಿದ್ದವು. ದೂರದರ್ಶಕಕ್ಕೂ ವೀಕ್ಷಣಾಲಯಕ್ಕೂ ಅವರ ಹೆಸರನ್ನೇ ಇಡಲಾಯಿತು. ಸಂದರ್ಶಕರಿಗೆ ಅಲ್ಲಿ ಶನಿವಾರ ಮೀಸಲಾದ ದಿನ. ಸಂಜೆಯ ಆಕಾಶ ತಿಳಿಯಾಗಿದ್ದರೆ ಅವರಿಗೆಂದೇ ಇಟ್ಟಿರುವ ಸಣ್ಣ ದೂರದರ್ಶಕದಲ್ಲಿ ಚಂದ್ರನನ್ನೋ ಗ್ರಹವನ್ನೋ ನಕ್ಷತ್ರಗುಚ್ಛವನ್ನೋ ತೋರಿಸುತ್ತಾರೆ, ಮೋಡ ಕವಿದರೆ ತೋರಿಸುವುದಕ್ಕೆ ಏನೂ ಇರುವುದಿಲ್ಲ. ಕಾಣುವುದಕ್ಕೆ ಬಂದವರು ಕಾಣದೆಯೂ ಹಿಂದಿರುಗಬೇಕಾದೀತು ಎಂಬ ಈ ಷರತ್ತನ್ನು ಗಮನದಲ್ಲಿ ಇಟ್ಟುಕೊಳ್ಳಬೇಕು. ಯಾರ ಅನುಕೂಲಕ್ಕೂ ಬಾಗದಿರುವುದು ಸತ್ಯದ ಒಂದು ಲಕ್ಷಣ.

ಇಂಥ ರಾತ್ರಿಯಲ್ಲಿ ಕಾಣುವುದಾದರೂ ಏನು? ಪುಸ್ತಕಗಳ, ಪರದೆಗಳ ಬಣ್ಣದ ಚಿತ್ರಗಳಿಗೆ ಒಗ್ಗಿದ ಕಣ್ಣಿಗೆ ದೂರದರ್ಶಕದ ನೋಟ ಮೊದಲು ನಿರಾಸೆಯನ್ನೇ ತರಬಹುದು. ದೇವಯಾನಿ ಗೆಲಾಕ್ಸಿ, ಎಂದರೆ ಆಂಡ್ರೊಮೆಡಾ ಎಂಬ ನೆರೆಯ ನಕ್ಷತ್ರಸಮೂಹ, ಬೂದು ಬಣ್ಣದ ಮಸುಕಾಗಿ ತೋರುತ್ತದೆ. ಮಂದ ಬೆಳಕಿನಲ್ಲಿ ಕೆಲಸಮಾಡುವ ಅಕ್ಷಿಪಟಲದ ಕೋಶಗಳಿಗೆ ಬಣ್ಣವನ್ನು ಗುರುತಿಸುವ ಶಕ್ತಿಯಿಲ್ಲವಾದ್ದರಿಂದ ಆ ನೋಟದಲ್ಲಿ ಬಣ್ಣವಿಲ್ಲ. ಆ ಕೋಶಗಳು ಪೂರ್ತಿಯಾಗಿ ಚುರುಕಾಗುವುದಕ್ಕೆ ಇಪ್ಪತ್ತು ಮೂವತ್ತು ನಿಮಿಷಗಳ ಕತ್ತಲು ಬೇಕು. ನಡುವೆ ಯಾರಾದರೂ ಮೊಬೈಲ್ ಪರದೆಯನ್ನು ಬೆಳಗಿಸಿದರೆ ಅಷ್ಟು ಹೊತ್ತಿನ ಕಾಯುವಿಕೆ ವ್ಯರ್ಥವಾಗುತ್ತದೆ, ಆದ್ದರಿಂದಲೇ ವೀಕ್ಷಣಾಲಯಗಳಲ್ಲಿ ಕೆಂಪು ಬೆಳಕಿನ ಟಾರ್ಚನ್ನು ಬಳಸುವ ರೂಢಿಯಿದೆ. ಇದಕ್ಕಿಂತಲೂ ವಿಚಿತ್ರವಾದದ್ದು ಓರೆನೋಟದ ನಿಯಮ. ಅಕ್ಷಿಪಟಲದ ನಟ್ಟನಡುವೆ ಮಂದ ಬೆಳಕಿನ ಕೋಶಗಳಿಲ್ಲ. ಆದ್ದರಿಂದ ತೀರ ಮಸುಕಾದ ಕಾಯವನ್ನು ನೆಟ್ಟ ದೃಷ್ಟಿಯಿಂದ ನೋಡಿದರೆ ಅದು ಮಾಯವಾಗುತ್ತದೆ, ಅದರ ಪಕ್ಕಕ್ಕೆ ದೃಷ್ಟಿ ಹರಿಸಿದರೆ ಮತ್ತೆ ತೋರುತ್ತದೆ. ನೋಡುವುದನ್ನೂ ಕಲಿಯಬೇಕು ಎಂಬ ಮಾತು ಇಲ್ಲಿ ಅಲಂಕಾರವಲ್ಲ, ಅಕ್ಷರಶಃ ನಿಜ.

ಕಂಡದ್ದು ಯಾವ ಕಾಲದ್ದು ಎಂಬುದು ಇನ್ನೊಂದು ತೊಡಕು. ಚಂದ್ರನ ಬೆಳಕು ಬರಲು ಸುಮಾರು 1.3 ಸೆಕೆಂಡು, ಸೂರ್ಯನ ಬೆಳಕಿಗೆ ಎಂಟು ನಿಮಿಷಕ್ಕೂ ತುಸು ಹೆಚ್ಚು, ಶನಿಗ್ರಹದ ಬೆಳಕಿಗೆ ಒಂದು ಗಂಟೆಗೂ ಮೀರಿದ ಕಾಲ ಬೇಕು. ಕೃತ್ತಿಕೆಯ ಗುಂಪಿನಿಂದ ಈ ಹೊತ್ತು ಕಣ್ಣನ್ನು ಮುಟ್ಟುವ ಬೆಳಕು ಹೊರಟು ಸುಮಾರು 440 ವರ್ಷಗಳಾಗಿವೆ; ಆಗ ವಿಜಯನಗರ ಹಾಳಾಗಿ ಕೆಲವು ದಶಕಗಳೂ ಕಳೆದಿರಲಿಲ್ಲ. ಮೃಗಶಿರದ ಬೇಟೆಗಾರನ ಸೊಂಟದ ಕೆಳಗೆ ಮಂಜಿನಂತೆ ತೋರುವ ಮಹಾವ್ಯಾಧದ ನೀಹಾರಿಕೆಯ ಬೆಳಕು ಬಾದಾಮಿಯ ಚಾಲುಕ್ಯರ ಕಾಲದ್ದು. ದೇವಯಾನಿಯ ಬೆಳಕು ಹೊರಟದ್ದು ಸುಮಾರು 25 ಲಕ್ಷ ವರ್ಷಗಳ ಹಿಂದೆ, ಇಂದಿನ ರೂಪದ ಮನುಷ್ಯ ಭೂಮಿಯ ಮೇಲೆ ಇನ್ನೂ ಕಾಣಿಸಿಕೊಳ್ಳುವ ಮೊದಲು. ಹೀಗಿರುವಾಗ ಕಣ್ಣೆದುರು ಕಂಡದ್ದು ಈಗ ಅಲ್ಲಿದೆಯೆ ಎಂದು ಕೇಳಿದರೆ ಬರಿಯ ಕಣ್ಣು ಉತ್ತರಿಸಲಾರದು.

ಇಲ್ಲಿ ಪ್ರಮಾಣಶಾಸ್ತ್ರದ ನೆರವು ಬೇಕಾಗುತ್ತದೆ. ನಿಜವಾದ ಅರಿವಿಗೆ ಸಾಧನವಾದುದನ್ನು ದಾರ್ಶನಿಕರು ಪ್ರಮಾಣವೆನ್ನುತ್ತಾರೆ. ಚಾರ್ವಾಕರು ಪ್ರತ್ಯಕ್ಷವೊಂದನ್ನೇ, ಎಂದರೆ ಇಂದ್ರಿಯಗಳಿಂದ ನೇರವಾಗಿ ದೊರೆತ ಅರಿವನ್ನೇ ಒಪ್ಪಿದರು. ನೈಯಾಯಿಕರು ಅದರ ಜೊತೆಗೆ ಅನುಮಾನ, ಉಪಮಾನ, ಶಬ್ದ ಎಂಬ ಇನ್ನೂ ಮೂರನ್ನು ಸೇರಿಸಿದರು. ಈ ಶಾಸ್ತ್ರದಲ್ಲಿ ಅನುಮಾನವೆಂದರೆ ಶಂಕೆಯಲ್ಲ, ಕಂಡ ಗುರುತಿನಿಂದ ಕಾಣದುದನ್ನು ಕ್ರಮವಾಗಿ ನಿರ್ಣಯಿಸುವುದು. ಶಬ್ದವೆಂದರೆ ಆಪ್ತವಾಕ್ಯ, ಎಂದರೆ ವಿಷಯವನ್ನು ಬಲ್ಲ, ಸುಳ್ಳಾಡಲು ಕಾರಣವಿಲ್ಲದ ವ್ಯಕ್ತಿಯ ಮಾತು. ಪ್ರತ್ಯಕ್ಷಕ್ಕೆ ಇಂದ್ರಿಯವೂ ವಸ್ತುವೂ ಒಂದನ್ನೊಂದು ಮುಟ್ಟಬೇಕೆಂದು ನೈಯಾಯಿಕರು ಹೇಳಿದರು. ಕಣ್ಣಿನ ತೇಜಸ್ಸು ಹೊರಗೆ ಹರಿದು ವಸ್ತುವನ್ನು ಮುಟ್ಟುತ್ತದೆಂಬುದು ಅವರ ಮತ. ಇಂದಿನ ಭೌತವಿಜ್ಞಾನದಲ್ಲಿ ಆ ಪಯಣದ ದಿಕ್ಕು ತಿರುಗಿದೆ, ವಸ್ತುವಿನ ಬೆಳಕೇ ಕಣ್ಣಿಗೆ ಬರುತ್ತದೆ. ಆದರೂ ಮುಟ್ಟಬೇಕೆಂಬ ಅವರ ಷರತ್ತು ಬೆಲೆ ಕಳೆದುಕೊಂಡಿಲ್ಲ. ಶನಿಯ ಉಂಗುರವನ್ನು ಚಿತ್ರದಲ್ಲಿ ನೂರು ಸಲ ಕಂಡವರು ದೂರದರ್ಶಕದಲ್ಲಿ ಒಮ್ಮೆ ಕಂಡಾಗ ಬೆರಗಾಗುವುದು ಈ ಮುಟ್ಟುವಿಕೆಯಿಂದಲೇ ಎಂದು ತೋರುತ್ತದೆ. ಆದರೆ ಕಂಡ ಚುಕ್ಕೆ ಶನಿಯೆಂಬುದು, ಅದರ ಸುತ್ತಿನ ಪಟ್ಟಿ ಅಸಂಖ್ಯ ಹಿಮದ ತುಣುಕುಗಳ ಮಂಡಲವೆಂಬುದು, ಅದರ ಬೆಳಕು ಗಂಟೆಗೂ ಹಿಂದಿನದೆಂಬುದು ಕಣ್ಣಿನಿಂದ ತಿಳಿಯುವುದಿಲ್ಲ. ಪಕ್ಕದಲ್ಲಿ ನಿಂತು ವಿವರಿಸುವವರ ಮಾತಿನಿಂದ, ಆ ಮಾತಿನ ಹಿಂದಿರುವ ಗಣಿತದಿಂದ ತಿಳಿಯುತ್ತದೆ. ಆದ್ದರಿಂದ ಮುಕ್ತ ವೀಕ್ಷಣೆಯ ರಾತ್ರಿಯನ್ನು ಶುದ್ಧ ಪ್ರತ್ಯಕ್ಷದ ವಿಜಯವೆಂದು ಕೊಂಡಾಡುವುದು ಅರ್ಧಸತ್ಯ. ಅಲ್ಲಿ ಪ್ರತ್ಯಕ್ಷ, ಅನುಮಾನ, ಶಬ್ದ ಎಂಬ ಮೂರು ಪ್ರಮಾಣಗಳೂ ಒಟ್ಟಿಗೆ ನಿಂತಿವೆ.

ಈ ಬೆರಕೆ ತುಮಕೂರು ಸೀಮೆಯ ರೈತನಿಗೆ ಹೊಸದೇನಲ್ಲ. ಗುಬ್ಬಿ, ಕುಣಿಗಲ್ಲುಗಳ ಬೆದ್ದಲು ಹೊಲಗಳಲ್ಲಿ ಮಳೆಯನ್ನು ನಕ್ಷತ್ರದ ಹೆಸರಿನಿಂದ ಕರೆಯುವ ರೂಢಿ ಇಂದಿಗೂ ಇದೆ. ಭರಣಿ, ಕೃತ್ತಿಕೆ, ರೋಹಿಣಿ, ಮೃಗಶಿರ, ಆರಿದ್ರೆ ಎಂದು ಎಣಿಸುತ್ತ ಉಳುಮೆ ಬಿತ್ತನೆಗಳ ಹದವನ್ನು ನಿರ್ಧರಿಸುತ್ತಾರೆ. ಸೂರ್ಯನು ಆಯಾ ನಕ್ಷತ್ರದಲ್ಲಿ ಇರುವ ಹದಿಮೂರು ಹದಿನಾಲ್ಕು ದಿನಗಳೇ ಆಯಾ ಮಳೆಯ ಅವಧಿ. ಇದರ ಫಲಿತಾರ್ಥವನ್ನು ಗಮನಿಸಿದವರು ಕಡಮೆ: ರೋಹಿಣಿ ಮಳೆಯ ದಿನಗಳಲ್ಲಿ ರೋಹಿಣಿ ನಕ್ಷತ್ರ ಸೂರ್ಯನ ದಿಕ್ಕಿನಲ್ಲೇ ಇರುವುದರಿಂದ ಅದು ಹಗಲಿನ ಬೆಳಕಿನಲ್ಲಿ ಮುಳುಗಿರುತ್ತದೆ, ರಾತ್ರಿಯಲ್ಲಿ ಕಾಣುವುದಿಲ್ಲ. ಹಾಗಾಗಿ ರೈತನು ಹೆಸರಿಟ್ಟು ಕರೆಯುವುದು ಆ ಹೊತ್ತಿನಲ್ಲಿ ಯಾರಿಗೂ ಕಾಣದ ನಕ್ಷತ್ರವನ್ನು. ಹಿಂದಿನವರು ಬೆಳಗಿನ ಮತ್ತು ಸಂಜೆಯ ಆಕಾಶವನ್ನು ತಲೆಮಾರುಗಳ ಕಾಲ ನೋಡಿ, ಕಾಣುವ ನಕ್ಷತ್ರಗಳಿಂದ ಕಾಣದ ನಕ್ಷತ್ರದ ಸ್ಥಾನವನ್ನು ನಿರ್ಣಯಿಸಿ, ಪಂಚಾಂಗದಲ್ಲಿ ಇಳಿಸಿಟ್ಟ ಅರಿವು ಅದು. ಪ್ರತ್ಯಕ್ಷ, ಅನುಮಾನ, ಆಪ್ತವಾಕ್ಯ ಮೂರೂ ಒಂದೇ ಮಳೆಯ ಹೆಸರಿನಲ್ಲಿ ಕೂಡಿವೆ.

ಹಾಗಾದರೆ ಕಣ್ಣಿನ ನೋಟ ಅರಿವಾಗಿ ಗಟ್ಟಿಗೊಳ್ಳುವುದು ಯಾವಾಗ? ದೂರದರ್ಶಕದ ಇತಿಹಾಸದ ಮೊದಲ ವರ್ಷಗಳೇ ಇದಕ್ಕೆ ಉತ್ತರ ಕೊಡುತ್ತವೆ. 1610ರ ಏಪ್ರಿಲಿನಲ್ಲಿ ಗೆಲಿಲಿಯೊ ಇಟಲಿಯ ಬೊಲೊನ್ಯಾ ನಗರದಲ್ಲಿ ಗಣಿತಜ್ಞ ಮಾಜಿನಿಯ ಮನೆಗೆ ತನ್ನ ದೂರದರ್ಶಕವನ್ನು ಒಯ್ದು, ನೆರೆದ ವಿದ್ವಾಂಸರಿಗೆ ಗುರುಗ್ರಹದ ನಾಲ್ಕು ಉಪಗ್ರಹಗಳನ್ನು ತೋರಿಸಲು ಯತ್ನಿಸಿದ. ಅವರಲ್ಲಿ ಹೆಚ್ಚಿನವರಿಗೆ ಅವು ಸ್ಪಷ್ಟವಾಗಿ ಕಾಣಲಿಲ್ಲ; ಅಲ್ಲಿದ್ದ ಮಾರ್ಟಿನ್ ಹೋರ್ಕಿ ಎಂಬ ತರುಣ ಈ ಉಪಕರಣ ಆಕಾಶದ ವಿಷಯದಲ್ಲಿ ಮೋಸಮಾಡುತ್ತದೆಂದು ಕೆಪ್ಲರನಿಗೆ ಬರೆದ. ಅವರನ್ನೆಲ್ಲ ಮೂಢರೆಂದು ತಳ್ಳಿಹಾಕುವುದು ನ್ಯಾಯವಲ್ಲ, ಅಂದಿನ ಗಾಜಿನಲ್ಲಿ ಕಾಣುತ್ತಿದ್ದದ್ದು ಅಷ್ಟು ಅಸ್ಪಷ್ಟವಾಗಿತ್ತು, ಅವರ ಕಣ್ಣುಗಳಿಗೆ ಅಭ್ಯಾಸವೂ ಇರಲಿಲ್ಲ. ಕೆಲವು ತಿಂಗಳ ಬಳಿಕ ಎರವಲು ತಂದ ದೂರದರ್ಶಕವೊಂದು ಕೆಪ್ಲರನ ಕೈಗೆ ಬಂದಾಗ ಅವನು ಮಾಡಿದ ವ್ಯವಸ್ಥೆ ನೆನಪಿನಲ್ಲಿ ಇಡಬೇಕಾದದ್ದು. ಜೊತೆಯಲ್ಲಿದ್ದವರು ಒಬ್ಬೊಬ್ಬರಾಗಿ ನೋಡಿ, ಪರಸ್ಪರ ಮಾತಾಡದೆ, ತಾವು ಕಂಡ ಚುಕ್ಕೆಗಳ ಸ್ಥಾನವನ್ನು ಬರೆದು ತೋರಿಸಬೇಕು. ಅನಂತರ ಎಲ್ಲರ ಚಿತ್ರಗಳನ್ನು ಹೋಲಿಸಿ ನೋಡಬೇಕು. ಚಿತ್ರಗಳು ಹೊಂದಿಕೊಂಡಾಗ ಗುರುವಿನ ಉಪಗ್ರಹಗಳು ಒಬ್ಬ ಮನುಷ್ಯನ ಕಾಣ್ಕೆಯಾಗಿ ಉಳಿಯಲಿಲ್ಲ, ಎಲ್ಲರ ಆಸ್ತಿಯಾದವು. ಗೆಲಿಲಿಯೊ ಮೊದಲು ಕಂಡನೆಂಬುದಕ್ಕಿಂತ ಯಾರು ಬೇಕಾದರೂ ಕಾಣಬಹುದೆಂಬುದು ದೊಡ್ಡದು.

ಕಾವಲೂರಿನ ಚರಿತ್ರೆಯಲ್ಲೂ ಇದೇ ಪಾಠ ಇನ್ನಷ್ಟು ಸೂಕ್ಷ್ಮವಾಗಿ ಬಂದಿದೆ. 1977ರ ಮಾರ್ಚ್ 10ರಂದು ಯುರೇನಸ್ ಗ್ರಹ ದೂರದ ನಕ್ಷತ್ರವೊಂದನ್ನು ಮರೆಮಾಡಲಿದ್ದುದನ್ನು ದಾಖಲಿಸಲು ಜೆ. ಸಿ. ಭಟ್ಟಾಚಾರ್ಯ ಮತ್ತು ಕೆ. ಕುಪ್ಪುಸ್ವಾಮಿ ಅಲ್ಲಿಯ ಒಂದು ಮೀಟರಿನ ದೂರದರ್ಶಕದಲ್ಲಿ ಸಿದ್ಧರಾಗಿದ್ದರು. ಗ್ರಹ ಅಡ್ಡಬರುವುದಕ್ಕೆ ಮೊದಲೇ ನಕ್ಷತ್ರದ ಬೆಳಕು ಒಮ್ಮೆ ಕುಂದಿ ಮತ್ತೆ ಬೆಳಗಿದ್ದು ದಾಖಲಾಯಿತು. ಆ ಕುಂದುವಿಕೆಯನ್ನು ಮೊದಲು ಹೊಸ ಉಪಗ್ರಹವೊಂದರ ಸುಳಿವೆಂದು ಓದಲಾಯಿತು. ಅದೇ ರಾತ್ರಿ ಅಮೆರಿಕದ ವಿಜ್ಞಾನಿಗಳು ವಿಮಾನದೊಳಗಿನ ದೂರದರ್ಶಕದಿಂದ ಪಡೆದ ದಾಖಲೆಗಳೊಂದಿಗೆ ಕೂಡಿಸಿ ನೋಡಿದಾಗ ಯುರೇನಸ್ಸಿಗೂ ಉಂಗುರಗಳಿವೆ ಎಂಬುದು ಸ್ಥಿರವಾಯಿತು. ಆ ರಾತ್ರಿ ಉಂಗುರವನ್ನು ಕಣ್ಣಿನಿಂದ ಕಂಡವರು ಭೂಮಿಯ ಮೇಲೆ ಒಬ್ಬರೂ ಇರಲಿಲ್ಲ, ಕಂಡದ್ದು ಕಾಗದದ ಮೇಲಿನ ಗೆರೆ ಮಾತ್ರ. ಗೆರೆ ನಿಜವಾಗಿತ್ತು, ಅದರ ಮೊದಲ ಅರ್ಥ ಸರಿಯಿರಲಿಲ್ಲ, ಸರಿಯಾದ ಅರ್ಥ ಇನ್ನೊಬ್ಬರ ಗೆರೆಯನ್ನು ಪಕ್ಕದಲ್ಲಿಟ್ಟಾಗ ತಾನಾಗಿ ಹೊಳೆಯಿತು.

ಇಂದಿನ ಖಗೋಳಶಾಸ್ತ್ರಜ್ಞರು ದೂರದರ್ಶಕಕ್ಕೆ ಕಣ್ಣಿಡುವುದೇ ಅಪರೂಪ. ಲಡಾಖಿನ ಹಾನ್ಲೆಯಲ್ಲಿ ಸಮುದ್ರಮಟ್ಟದಿಂದ ಸುಮಾರು 4,500 ಮೀಟರ್ ಎತ್ತರದಲ್ಲಿರುವ ಎರಡು ಮೀಟರಿನ ಹಿಮಾಲಯ ಚಂದ್ರ ದೂರದರ್ಶಕವನ್ನು ಬೆಂಗಳೂರಿನ ಪಕ್ಕದ ಹೊಸಕೋಟೆಯಲ್ಲಿ ಕುಳಿತು ಉಪಗ್ರಹ ಸಂಪರ್ಕದ ಮೂಲಕ ನಡೆಸುತ್ತಾರೆ. ಬೆಳಕು ಸಂವೇದಕದ ಮೇಲೆ ಬಿದ್ದು ಅಂಕಿಗಳಾಗಿ ಬರುತ್ತದೆ. ಕಣ್ಣೇ ಬೇಡವಾದ ಅರಿವಿಗೆ ಕನ್ನಡಿಗರೊಬ್ಬರ ಕೆಲಸವೂ ಸಾಕ್ಷಿಯಾಗಿದೆ: ಬೆಂಗಳೂರಿನ ನೆಹರೂ ತಾರಾಲಯದ ಸ್ಥಾಪಕ ನಿರ್ದೇಶಕರಾಗಿದ್ದ ಸಿ. ವಿ. ವಿಶ್ವೇಶ್ವರ ಅವರು 1970ರಲ್ಲಿ, ಕಲಕಲ್ಪಟ್ಟ ಕಪ್ಪು ಕುಳಿ ಹೇಗೆ ಕಂಪಿಸಿ ಕ್ರಮೇಣ ಶಾಂತವಾಗುತ್ತದೆ ಎಂಬುದನ್ನು ಗಣಿತದಿಂದ ತೋರಿಸಿದರು. 2015ರ ಸೆಪ್ಟೆಂಬರಿನಲ್ಲಿ ಗುರುತ್ವದ ಅಲೆಗಳು ಮೊದಲ ಬಾರಿಗೆ ದಾಖಲಾದಾಗ, ಎರಡು ಕಪ್ಪು ಕುಳಿಗಳು ಒಂದಾದ ಬಳಿಕದ ಅಲೆಯ ಬಾಲ ಆ ಲೆಕ್ಕದ ರೀತಿಯಲ್ಲೇ ಅಡಗಿತ್ತು. ಹೀಗೆ ವಿಜ್ಞಾನದ ಮುಂಚೂಣಿಯೇ ಕಣ್ಣನ್ನು ಬಿಟ್ಟು ಮುಂದೆ ಸಾಗಿರುವಾಗ, ಮನುಷ್ಯನ ಕಣ್ಣಿಗೂ ನಕ್ಷತ್ರದ ಬೆಳಕಿಗೂ ನೇರ ಭೇಟಿ ಉಳಿದಿರುವ ಕೆಲವೇ ಸ್ಥಳಗಳಲ್ಲಿ ಮುಕ್ತ ವೀಕ್ಷಣೆಯ ರಾತ್ರಿಯೂ ಒಂದು. ತಜ್ಞನಿಗೆ ಇಂದು ಒದಗದ ಭೇಟಿ ಶನಿವಾರದ ಸಂದರ್ಶಕನಿಗೆ ಒದಗುತ್ತದೆ.

ಸಿದ್ಧಗಂಗೆಯ ಪರಂಪರೆಯನ್ನು ಈ ವಿಚಾರದ ಪಕ್ಕದಲ್ಲಿ ಇಡಬೇಕಾದದ್ದು ಇಲ್ಲಿಯೇ. ಇಷ್ಟಲಿಂಗವೆಂದರೆ ಗುರು ದೀಕ್ಷೆಯ ಹೊತ್ತಿನಲ್ಲಿ ಶಿಷ್ಯನಿಗೆ ಕೊಡುವ, ಅವನು ಜೀವವಿರುವ ತನಕ ಮೈಮೇಲೆ ಧರಿಸುವ ಚಿಕ್ಕ ಲಿಂಗ. ಪೂಜೆಯ ವೇಳೆಯಲ್ಲಿ ಅದನ್ನು ಎಡಗೈಯ ಅಂಗೈಯಲ್ಲಿ, ಎಂದರೆ ಕರಸ್ಥಲದಲ್ಲಿ ಇಟ್ಟುಕೊಂಡು ಅದರ ನುಣುಪಾದ ಕಪ್ಪು ಮೈಯಲ್ಲಿ ರೆಪ್ಪೆಯಾಡಿಸದೆ ದೃಷ್ಟಿ ನಿಲ್ಲಿಸುವುದು ಶಿವಯೋಗದ ಕ್ರಮ. ಅಳತೆಗೆ ಸಿಗದ ಪರವಸ್ತು ಭಕ್ತನ ಅಂಗೈಯ ಅಳತೆಗೆ ಒಪ್ಪಿ ಬಂದಿದೆ ಎಂಬುದು ಹನ್ನೆರಡನೆಯ ಶತಮಾನದ ಶರಣರ ದೃಢವಾದ ನಿಲುವು. ನಡುವೆ ಪೂಜಾರಿಯಿಲ್ಲ, ಹೊಸ್ತಿಲಿಲ್ಲ, ಹೊರಗೆ ನಿಲ್ಲಬೇಕಾದ ಜಾತಿಯಿಲ್ಲ. ಕುಣಿಗಲ್ ತಾಲ್ಲೂಕಿನ ಎಡೆಯೂರಿನಲ್ಲಿ ನೆಲೆಗೊಂಡ ತೋಂಟದ ಸಿದ್ಧಲಿಂಗ ಯತಿಗಳು ಈ ಸಾಧನೆಯ ಮೆಟ್ಟಿಲುಗಳನ್ನು, ಭಕ್ತನಿಂದ ಐಕ್ಯನ ತನಕದ ಆರು ಸ್ಥಲಗಳನ್ನು, ತಮ್ಮ ವಚನಗಳಲ್ಲಿ ವಿಸ್ತರಿಸಿದರು. ಅದೇ ಪರಂಪರೆಯ ಸಿದ್ಧಗಂಗಾ ಮಠವನ್ನು ಹಲವು ದಶಕಗಳ ಕಾಲ ನಡೆಸಿ 2019ರ ಜನವರಿ 21ರಂದು ಲಿಂಗೈಕ್ಯರಾದ ಶಿವಕುಮಾರ ಸ್ವಾಮಿಗಳು, ಸನ್ಯಾಸಕ್ಕೆ ಮುಂಚೆ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರ ಮತ್ತು ಗಣಿತವನ್ನು ಐಚ್ಛಿಕ ವಿಷಯಗಳಾಗಿ ಓದಿದವರು. ಅವರ ಕಾಲದಲ್ಲಿ ಅನ್ನ, ಅಕ್ಷರ, ಆಶ್ರಯಗಳ ತ್ರಿವಿಧ ದಾಸೋಹ ನಾಡಿಗೆಲ್ಲ ಪರಿಚಿತವಾಯಿತು. ದಾಸೋಹವೆಂದರೆ ಕೊಡುವವನು ತಾನು ದೊಡ್ಡವನೆಂಬ ಭಾವವನ್ನು ತೊರೆದು, ಬಂದವನ ಕುಲವನ್ನು ಕೇಳದೆ, ತನ್ನಲ್ಲಿರುವುದನ್ನು ಹಂಚುವುದು. ವೀಕ್ಷಣಾಲಯದ ಮುಂದಿನ ಸರದಿಯನ್ನು ದಾಸೋಹವೆಂದು ಕರೆದರೆ ಅದು ಅತಿಶಯವಾಗದು. ಕಾವಲೂರಿನ ಸಣ್ಣ ದೂರದರ್ಶಕವು ಮಂತ್ರಿಗೂ ಕೂಲಿಯವನಿಗೂ ಒಂದೇ ಶನಿಯನ್ನು ತೋರಿಸುತ್ತದೆ. ಹಾನ್ಲೆಯ ಸುತ್ತಲಿನ ಪ್ರದೇಶವನ್ನು 2022ರಲ್ಲಿ ಕತ್ತಲಾಕಾಶದ ಸಂರಕ್ಷಿತ ಪ್ರದೇಶವೆಂದು ಘೋಷಿಸಿದಾಗ ಭಾರತೀಯ ಖಭೌತ ಸಂಸ್ಥೆಯವರು ಅಲ್ಲಿಯ ಹಳ್ಳಿಗರಿಗೆ ತರಬೇತಿಯನ್ನೂ ದೂರದರ್ಶಕಗಳನ್ನೂ ಕೊಟ್ಟು, ಬಂದವರಿಗೆ ಆಕಾಶವನ್ನು ತೋರಿಸುವ ಕೆಲಸವನ್ನು ಅವರ ಕೈಗೇ ಒಪ್ಪಿಸಿದ್ದು ಇದೇ ದಾರಿಯ ಮುಂದಿನ ಹೆಜ್ಜೆ.

ಹೋಲಿಕೆ ಇಷ್ಟಕ್ಕೇ ನಿಲ್ಲಬೇಕು, ಏಕೆಂದರೆ ವ್ಯತ್ಯಾಸವೂ ಅಷ್ಟೇ ದೊಡ್ಡದಾಗಿದೆ. ಇಷ್ಟಲಿಂಗದಲ್ಲಿ ನೆಟ್ಟ ದೃಷ್ಟಿ ಕ್ರಮೇಣ ಒಳಮುಖವಾಗಿ, ನೋಡುವವನೂ ನೋಟವೂ ಬೇರೆಯಲ್ಲದ ನಿಲುವಿನ ಕಡೆಗೆ ಸಾಗುತ್ತದೆ. ದೂರದರ್ಶಕದ ನೋಟದಲ್ಲಿ ನೋಡುವವನು ಬೇರೆ, ನಕ್ಷತ್ರ ಬೇರೆ ಎಂಬುದು ಕೊನೆಯವರೆಗೂ ಅಳಿಯಬಾರದು, ಅಳಿದರೆ ಅಳತೆ ಕೆಡುತ್ತದೆ. ಒಂದರ ಫಲವನ್ನು ಇನ್ನೊಬ್ಬರು ಚಿತ್ರ ಬರೆದು ಹೋಲಿಸಲಾಗದು, ಇನ್ನೊಂದರ ಫಲವನ್ನು ಹಾಗೆ ಹೋಲಿಸದೆ ಒಪ್ಪಲಾಗದು. ಆದರೆ ಅನುಭಾವವೆಂಬುದು ಪೂರ್ಣವಾಗಿ ಖಾಸಗಿ, ಅದನ್ನು ಯಾರೂ ಪ್ರಶ್ನಿಸುವಂತಿಲ್ಲ ಎಂಬ ಇತ್ತೀಚಿನ ಸುಲಭದ ಮಾತನ್ನು ಶರಣ ಪರಂಪರೆ ಒಪ್ಪಲಿಲ್ಲ ಎಂಬುದನ್ನೂ ಹೇಳಬೇಕು. ಶೂನ್ಯಸಂಪಾದನೆ ಎಂಬ ಮಹಾಗ್ರಂಥವನ್ನು ನೋಡಿದರೆ ಇದು ಸ್ಪಷ್ಟವಾಗುತ್ತದೆ. ಹಲವು ಪರಿಷ್ಕರಣಗಳನ್ನು ಕಂಡ ಆ ಗ್ರಂಥದ ಒಂದು ಪ್ರಸಿದ್ಧ ರೂಪ ಗೂಳೂರು ಸಿದ್ಧವೀರಣ್ಣೊಡೆಯರದು. ವಚನಗಳನ್ನು ಪೋಣಿಸಿ ಕಟ್ಟಿದ ಆ ಸಂವಾದದಲ್ಲಿ ಅಲ್ಲಮಪ್ರಭು ಸಿದ್ಧರಾಮನ ಕೆರೆಕಟ್ಟೆಗಳ ಸೇವೆಯನ್ನೂ ಮುಕ್ತಾಯಕ್ಕನ ಶೋಕವನ್ನೂ ಅಕ್ಕಮಹಾದೇವಿಯ ವೈರಾಗ್ಯವನ್ನೂ ಬಿಡದೆ ಪ್ರಶ್ನಿಸುತ್ತಾನೆ, ಉತ್ತರ ಗಟ್ಟಿಯಾಗುವವರೆಗೆ ಒತ್ತಾಯಿಸುತ್ತಾನೆ. ಅಕ್ಕನ ಉತ್ತರಗಳ ಮುಂದೆ ಸಭೆಯೇ ತಲೆಬಾಗುತ್ತದೆ. ಕಂಡೆನೆಂದು ಹೇಳಿದವರು ಕಂಡವರ ಗೋಷ್ಠಿಯಲ್ಲಿ ನಿಂತು ಉತ್ತರಿಸಬೇಕೆಂಬ ನಿಯಮ ಅಲ್ಲಿದೆ. ಕೆಪ್ಲರನ ಚಿತ್ರಗಳ ಹೋಲಿಕೆಯೂ ಅಲ್ಲಮನ ಪ್ರಶ್ನೆಯೂ ಒಂದೇ ಬಗೆಯ ಪರೀಕ್ಷೆಯಲ್ಲ, ಆದರೆ ಒಂಟಿ ಕಾಣ್ಕೆಯನ್ನು ಪ್ರಶ್ನೆಯಿಲ್ಲದೆ ಬಿಟ್ಟುಕೊಡಬಾರದೆಂಬ ಹಟ ಎರಡರಲ್ಲೂ ಇದೆ. ಧರ್ಮ ಮತ್ತು ವಿಜ್ಞಾನಗಳ ಸಂಬಂಧವನ್ನು ಕುರಿತು ನಡೆಯುವ ಚರ್ಚೆಗಳಲ್ಲಿ ಈ ಹಟದ ವಿಷಯ ಬರುವುದಿಲ್ಲ. ಒಂದು ಕಡೆ ನಂಬಿಕೆ, ಇನ್ನೊಂದು ಕಡೆ ಸಾಕ್ಷ್ಯ ಎಂದು ಗೆರೆಯೆಳೆದು ಮುಗಿಸಿಬಿಡುತ್ತಾರೆ. ನಂಬಿಕೆ ಎರಡೂ ಕಡೆ ಇದೆ. ಆ ನಂಬಿಕೆ ಯಾರಿಗೆ, ಯಾವ ಪ್ರಶ್ನೆಗೆ ಉತ್ತರಿಸಲು ಸಿದ್ಧವಾಗಿದೆ ಎಂಬುದರಿಂದ ಅದರ ಬೆಲೆಯನ್ನು ಕಟ್ಟಬೇಕು.

ಉತ್ತರಿಸಲು ಸಿದ್ಧವಿಲ್ಲದ ನಂಬಿಕೆಗೆ ಗ್ರಹಣದ ಭಯ ಹಳೆಯ ಉದಾಹರಣೆ. ಕ್ರಿ.ಶ. 499ರಲ್ಲಿಯೇ ಆರ್ಯಭಟ ಗ್ರಹಣವನ್ನು ನೆರಳಿನಿಂದ ವಿವರಿಸಿದ್ದ. 628ರಲ್ಲಿ ಬ್ರಹ್ಮಗುಪ್ತ, ಶ್ರುತಿಸ್ಮೃತಿಗಳು ಹೇಳುವ ರಾಹುವನ್ನು ಅಲ್ಲಗಳೆಯಬಾರದೆಂದು ವಾದಿಸಿದ, ಆದರೆ ಅವನ ಲೆಕ್ಕಗಳು ನೆರಳಿನವೇ ಆಗಿದ್ದವು. ಶಾಸ್ತ್ರದ ಮಾತಿಗೂ ಗಣಿತಕ್ಕೂ ನಡುವೆ ಸಿಕ್ಕಿಬಿದ್ದ ಆ ಮೇಧಾವಿಯ ಇಕ್ಕಟ್ಟು ಇಂದಿಗೂ ಅನೇಕ ಮನೆಗಳಲ್ಲಿದೆ. 1980ರ ಫೆಬ್ರವರಿ 16ರಂದು ಪೂರ್ಣ ಸೂರ್ಯಗ್ರಹಣದ ನೆರಳು ಕಾರವಾರದಿಂದ ಹುಬ್ಬಳ್ಳಿ, ರಾಯಚೂರುಗಳ ಕಡೆಗೆ ಸಾಗಿದಾಗ ಎಷ್ಟೋ ಜನ ಬಾಗಿಲು ಹಾಕಿಕೊಂಡು ಒಳಗೇ ಉಳಿದರು. ಮನುಷ್ಯಜನ್ಮದಲ್ಲಿ ಒಮ್ಮೆ ದೊರೆತರೆ ಹೆಚ್ಚೆನ್ನಬಹುದಾದ ನೋಟ ಮನೆಯ ಮೇಲೆಯೇ ಹಾದುಹೋಯಿತು. ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಬಡತನದಲ್ಲಿ ಹುಟ್ಟಿ ಭೌತವಿಜ್ಞಾನಿಯಾಗಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದ ಎಚ್. ನರಸಿಂಹಯ್ಯನವರು 1976ರಲ್ಲಿ ಪವಾಡಗಳನ್ನೂ ಮೂಢನಂಬಿಕೆಗಳನ್ನೂ ಪರೀಕ್ಷಿಸಲು ಸಮಿತಿಯನ್ನು ರಚಿಸಿದ್ದು ಇಂಥ ಭಯದ ವಿರುದ್ಧವೇ. ಅದೇ ವೇಳೆಗೆ ಇನ್ನೊಂದು ಅತಿಯನ್ನೂ ದೂರವಿಡಬೇಕು: ಪುರಾಣದ ಮೇರುಪರ್ವತ, ಹಾಲಿನ ಸಮುದ್ರಗಳ ಭೂಗೋಳವನ್ನು ಹೇಗಾದರೂ ತಿರುಚಿ ಇಂದಿನ ಖಗೋಳಕ್ಕೆ ಹೊಂದಿಸಿ, ನಮ್ಮ ಹಿರಿಯರಿಗೆ ಎಲ್ಲವೂ ತಿಳಿದಿತ್ತೆಂದು ಸಮಾಧಾನಪಡುವ ಅಭ್ಯಾಸ ಹಿರಿಯರಿಗೇ ಮಾಡು‌ವ ಅವಮಾನ. ಅವರು ಒಬ್ಬರನ್ನೊಬ್ಬರು ಖಂಡಿಸುತ್ತ ಕಲಿತವರು.

ಬ್ರಹ್ಮಾಂಡದ ಹಿರಿಮೆಯ ಮುಂದೆ ಮನುಷ್ಯ ತೀರ ಅಲ್ಪನೆಂಬ ಭಾವ ಇಂಥ ರಾತ್ರಿಗಳಲ್ಲಿ ಅನೇಕರನ್ನು ಕಾಡುತ್ತದೆ, ಕೆಲವರಿಗೆ ಅದರಿಂದ ದೈವದಲ್ಲಿ ಭಕ್ತಿ ಹೆಚ್ಚುತ್ತದೆ, ಕೆಲವರಿಗೆ ಇಷ್ಟು ದೊಡ್ಡ ಜಗತ್ತಿನಲ್ಲಿ ತಮ್ಮ ಪ್ರಾರ್ಥನೆಯನ್ನು ಕೇಳುವವರು ಯಾರು ಎಂಬ ಖಿನ್ನತೆ ಕವಿಯುತ್ತದೆ. ಎರಡೂ ಭಾವಗಳು ಅಳತೆಯನ್ನೇ ಬೆಲೆಯೆಂದು ತಿಳಿದವು. ಬೆಳಕಿನ ನಡತೆ ಬೇರೆಯದನ್ನು ಹೇಳುತ್ತದೆ. ದೇವಯಾನಿಯಿಂದ 25 ಲಕ್ಷ ವರ್ಷ ಸಾಗಿಬಂದ ಬೆಳಕಿನ ಕಣವೊಂದು ಸರದಿಯಲ್ಲಿ ನಿಂತ ಹುಡುಗಿಯೊಬ್ಬಳ ಅಕ್ಷಿಪಟಲದಲ್ಲಿ ಹೀರಿಕೆಯಾದಾಗ ಅದರ ಪ್ರಯಾಣ ಅಲ್ಲಿಗೆ ಮುಗಿಯಿತು. ಅದೇ ಕಣವನ್ನು ಇನ್ನು ಯಾರೂ, ಯಾವ ಕಾಲದಲ್ಲೂ ನೋಡಲಾರರು. ಅವಳ ಹಿಂದೆ ನಿಂತವನಿಗೆ ಬರುವುದು ಬೇರೆ ಕಣ, ಆದರೆ ಮೂಲ ಅದೇ. ಒಂದೇ ನೈವೇದ್ಯದಿಂದ ಪ್ರತಿಯೊಬ್ಬರ ಕೈಗೂ ಬೇರೆ ಬೇರೆ ತುತ್ತು ಪ್ರಸಾದವಾಗಿ ಬರುವ ಹಾಗೆ, ಎಲ್ಲರದೂ ಆಗಿರುವ ಆಕಾಶ ಒಬ್ಬೊಬ್ಬರಿಗೂ ಅವರದೇ ಆದ ಪಾಲಿನಲ್ಲಿ ಒದಗುತ್ತದೆ. ಅಪಾರವಾದುದು ಕರಸ್ಥಲಕ್ಕೆ ಬಂದರೆ ಕರಸ್ಥಲ ಅಲ್ಪವಾಗುವುದಿಲ್ಲವೆಂದು ಶರಣರು ಕಂಡುಕೊಂಡದ್ದನ್ನು ಭೌತಶಾಸ್ತ್ರ ಸಿದ್ಧಪಡಿಸುವುದಿಲ್ಲ, ಸಿದ್ಧಪಡಿಸಬೇಕಾಗಿಯೂ ಇಲ್ಲ. ಆದರೆ ದೂರದರ್ಶಕದ ಮುಂದೆ ನಿಂತವರು ಕುಗ್ಗಬೇಕಾದ ಕಾರಣವನ್ನೂ ಅದು ಕೊಡುವುದಿಲ್ಲ.

ಸಿದ್ಧಗಂಗೆಯ ಜಾತ್ರೆ ನಡೆಯುವುದು ಮಹಾಶಿವರಾತ್ರಿಯ ಆಸುಪಾಸಿನಲ್ಲಿ. ಮಾಘ ಬಹುಳ ಚತುರ್ದಶಿಯಾದ ಆ ರಾತ್ರಿ ಚಂದ್ರನಿಲ್ಲ, ಮಳೆಗಾಲ ಕಳೆದು ತಿಂಗಳುಗಳಾಗಿ ಆಕಾಶ ಸಾಮಾನ್ಯವಾಗಿ ತಿಳಿಯಾಗಿರುತ್ತದೆ, ಜನ ನಿದ್ದೆಗೆಟ್ಟು ಎಚ್ಚರವಾಗಿರುವುದೇ ಅಂದಿನ ವ್ರತ. ಖಗೋಳಶಾಸ್ತ್ರಜ್ಞನೊಬ್ಬನನ್ನು ಕೇಳಿ ದಿನ ಗೊತ್ತುಮಾಡಿದ್ದರೂ ಇದಕ್ಕಿಂತ ಒಳ್ಳೆಯ ರಾತ್ರಿ ಸಿಗುತ್ತಿರಲಿಲ್ಲ. ಅಂದು ರಾತ್ರಿ ಎಂಟರ ಹೊತ್ತಿಗೆ ತುಮಕೂರಿನ ನೆತ್ತಿಯ ಸಮೀಪದಲ್ಲಿ ಕೆಂಪಾಗಿ ಹೊಳೆಯುವುದು ಆರ್ದ್ರಾ ನಕ್ಷತ್ರ, ರುದ್ರನೇ ಅದರ ಅಧಿದೇವತೆಯೆಂದು ಸಂಪ್ರದಾಯ. 2019ರ ಕೊನೆಯಿಂದ ಈ ನಕ್ಷತ್ರ ಮಂಕಾಗುತ್ತ ಬಂದು, 2020ರ ಫೆಬ್ರವರಿಯಲ್ಲಿ ತನ್ನ ಎಂದಿನ ಬೆಳಕಿನ ಅರ್ಧಕ್ಕಿಂತಲೂ ಕೆಳಗಿಳಿಯಿತು. ಆ ವರ್ಷದ ಶಿವರಾತ್ರಿ ಫೆಬ್ರವರಿ 21ರಂದು ಬಂದಾಗ ಅದು ಕನಿಷ್ಠ ಕಾಂತಿಯಿಂದ ಇನ್ನೂ ಪೂರ್ತಿಯಾಗಿ ಚೇತರಿಸಿಕೊಂಡಿರಲಿಲ್ಲ. ನಕ್ಷತ್ರವೇ ಉಗುಳಿದ ಅನಿಲ ತಣಿದು ಧೂಳಾಗಿ ಅದರ ಮುಖವನ್ನು ಭಾಗಶಃ ಮರೆಮಾಡಿತೆಂಬ ವಿವರಣೆ ಮುಂದೆ ಬಹುಪಾಲು ವಿಜ್ಞಾನಿಗಳ ಒಪ್ಪಿಗೆ ಪಡೆಯಿತು. ಇದನ್ನು ಕಾಣುವುದಕ್ಕೆ ದೂರದರ್ಶಕವೂ ಬೇಕಿರಲಿಲ್ಲ. ಎಂದಿನ ಆರ್ದ್ರೆ ಪಕ್ಕದ ರೋಹಿಣಿಗಿಂತ ಪ್ರಕಾಶಮಾನ. ಆ ವರ್ಷ ರೋಹಿಣಿಯೇ ಮೇಲಾಗಿತ್ತು, ಎರಡನ್ನೂ ಬರಿಗಣ್ಣಿನಿಂದ ಹೋಲಿಸಿದ ಯಾರಿಗೂ ಅದು ತಿಳಿಯುವಂತಿತ್ತು. ಜಾಗರಣೆಯಲ್ಲಿದ್ದ ಸಾವಿರಾರು ಜನ ರುದ್ರನ ನಕ್ಷತ್ರದ ಕೆಳಗೆ ರುದ್ರನನ್ನು ಪೂಜಿಸುತ್ತಿದ್ದರು, ತಲೆಯೆತ್ತಿ ಹೋಲಿಸಿದವರು ಕೆಲವರಾದರೂ ಇದ್ದಿರಬಹುದು.

ಜಾತ್ರೆಯ ಅಂಗವಾಗಿ ಮಠದ ಆವರಣದಲ್ಲಿ ಕೃಷಿ ಮತ್ತು ಕೈಗಾರಿಕಾ ವಸ್ತುಪ್ರದರ್ಶನವೂ ನಡೆಯುತ್ತದೆ. ಆ ಪ್ರದರ್ಶನದೊಡನೆ ಒಂದೆರಡು ದೂರದರ್ಶಕಗಳನ್ನು ಸೇರಿಸಿ, ಶಿವರಾತ್ರಿಯ ಒಂದು ಯಾಮದ ಪೂಜೆಗೂ ಮುಂದಿನ ಯಾಮದ ಪೂಜೆಗೂ ನಡುವಿನ ವಿರಾಮದಲ್ಲಿ ಭಕ್ತರಿಗೂ ಮಠದ ವಿದ್ಯಾರ್ಥಿಗಳಿಗೂ ಆಕಾಶವನ್ನು ತೋರಿಸುವುದಾದರೆ ಹಣ ಬೇಕಾದೀತು, ವಿವರಿಸಿ ಹೇಳಬಲ್ಲ ಅಧ್ಯಾಪಕರು ಬೇಕಾದೀತು, ಅವೆರಡೂ ತುಮಕೂರಿನಲ್ಲಿ ದುರ್ಲಭವಲ್ಲ. ಕಷ್ಟವಾಗುವುದು ಕತ್ತಲೆಯೇ. ಹೆದ್ದಾರಿಯ ದೀಪಗಳೂ ಜಾತ್ರೆಯ ದೀಪಗಳೂ ಸೇರಿ ಕ್ಯಾತ್ಸಂದ್ರದ ರಾತ್ರಿಯನ್ನು ಬೂದಾಗಿಸುತ್ತವೆ. ಬೆಟ್ಟದ ಒಂದು ಮಗ್ಗುಲಲ್ಲಾದರೂ ರಾತ್ರಿ ಎಂಟರಿಂದ ಹನ್ನೊಂದರ ತನಕ ದೀಪಗಳನ್ನು ಆರಿಸಿಡಲು ಪ್ರದರ್ಶನದ ವ್ಯವಸ್ಥಾಪಕರು ಒಪ್ಪಿದರೆ, ಆರ್ದ್ರೆ ಪಶ್ಚಿಮದಲ್ಲಿ ತೀರ ಕೆಳಗಿಳಿಯುವ ಮುನ್ನ ಮಹಾವ್ಯಾಧದ ನೀಹಾರಿಕೆಯನ್ನೂ ಕೃತ್ತಿಕೆಯನ್ನೂ ಕೆಲವು ನೂರು ಜನರಾದರೂ ಸರದಿಯಲ್ಲಿ ನಿಂತು ನೋಡಬಹುದು.